ಹದಿನೈದರ ಹುಡುಗ ಸಿಕ್ಕಿಬಿದ್ದರೆ ಯಾರ ಮುಂದೆ ಕೂರುತ್ತಾನೆ?

ನಮ್ಮ ಬೀದಿಯ ಕೊನೇ ಮನೆಯಾಕೆ ಒಂದು ರಾತ್ರಿ ಹತ್ತೂವರೆಗೆ ಬಂದು ಬಾಗಿಲು ಬಡಿದರು. ಕೈಯಲ್ಲಿ ಮಗನ ಆಧಾರ್ ಕಾರ್ಡ್. “ಸ್ಟೇಷನ್ನಿಂದ ಫೋನ್ ಬಂತು ಸಾರ್. ಮೂರು ಜನ ಸೇರ್ಕೊಂಡು ಯಾರದೋ ಬೈಕ್ ತಗೊಂಡು ಹೋಗಿದಾರಂತೆ. ಅವನಿಗಿನ್ನೂ ಹದಿನೈದು. ಜೈಲಿಗೆ ಹಾಕ್ತಾರಾ?” ಹಾಕುವುದಿಲ್ಲಮ್ಮ ಎಂದೆ. ಅಷ್ಟರಲ್ಲಿ ಪಕ್ಕದ ಮನೆಯವರು ಆಚೆ ಬಂದು, “ಫಾರಿನ್ನಲ್ಲಾಗಿದ್ರೆ ಸರಿಯಾಗಿ ಬುದ್ಧಿ ಕಲಿಸ್ತಿದ್ರು” ಎಂದರು. ಅದು ಯಾವ ಫಾರಿನ್ನು ಅನ್ನುವುದರ ಮೇಲೆ ಹೋಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಮೂವರು ಹುಡುಗರು, ಒಂದು ಬೈಕು ಅಂದರೆ ಗ್ಯಾಂಗ್ ಅಲ್ಲ. ಯೂರೋಗ್ಯಾಂಗ್ ಎಂಬ ಸಂಶೋಧಕರ ಬಳಗ ಇದಕ್ಕೊಂದು ಅಳತೆ ಮಾಡಿಕೊಂಡಿದೆ: ಹುಡುಗರ ಗುಂಪು ಬಹಳ ಕಾಲ ಉಳಿದಿರಬೇಕು, ಬೀದಿಯಲ್ಲೇ ಬೀಡುಬಿಟ್ಟಿರಬೇಕು, ಕಾನೂನು ಮುರಿಯುವುದು ‘ನಾವು ಇಂಥವರು’ ಎನ್ನುವ ಗುರುತಿನ ಭಾಗವೇ ಆಗಿರಬೇಕು. ಒಂದೂರಿನ ಪೊಲೀಸರು ಗ್ಯಾಂಗ್ ಎಂದು ಬರೆದುಕೊಂಡದ್ದನ್ನು ಇನ್ನೊಂದೂರಿನವರು ಪುಂಡಾಟ ಎಂದು ಬಿಟ್ಟುಬಿಡಬಹುದು. ದೇಶಗಳ ಅಂಕಿಅಂಶ ಪಕ್ಕಪಕ್ಕ ಇಟ್ಟು ಬರುವ ವಾಟ್ಸ್ಆ್ಯಪ್ ಸಂದೇಶಗಳನ್ನು ನಾನು ನಂಬದಿರುವುದು ಇದಕ್ಕೇ.

ವಯಸ್ಸಿನ ಗೆರೆಯೂ ಒಂದೇ ಕಡೆ ಇಲ್ಲ. ಮಗುವಿನ ಮೇಲೆ ಅಪರಾಧ ಹೊರಿಸಲು ಇಂಗ್ಲೆಂಡಿನಲ್ಲಿ 10 ವರ್ಷ ತುಂಬಿದ್ದರೆ ಸಾಕು. ಪಕ್ಕದ ಸ್ಕಾಟ್ಲೆಂಡಿನಲ್ಲಿ 12. ಜರ್ಮನಿ, ಜಪಾನಿನಲ್ಲಿ 14. ನಮ್ಮಲ್ಲಿ ಏಳರ ಒಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. 7ರಿಂದ 12ರ ನಡುವೆ, ಮಾಡಿದ್ದರ ತಿಳಿವಳಿಕೆ ಇತ್ತೇ ಎಂದು ನೋಡುತ್ತಾರೆ. ಸ್ವೀಡನ್ ದಶಕಗಳ ಕಾಲ 15 ಇಟ್ಟುಕೊಂಡು ಬಂತು. ಗ್ಯಾಂಗಿನ ದೊಡ್ಡವರು ಅದರ ಕೆಳಗಿನ ಮಕ್ಕಳನ್ನೇ ಮೊಬೈಲ್ ಚಾಟ್‌ಗಳಲ್ಲಿ ಹುಡುಕಿ ಕೆಲಸಕ್ಕಿಳಿಸತೊಡಗಿದಾಗ ಗೆರೆ ಇಳಿಸುವ ಕೂಗೆದ್ದಿತು. ಇಳಿಸಿದರೆ ಇನ್ನೂ ಚಿಕ್ಕವರನ್ನು ಹುಡುಕುವುದಿಲ್ಲವೇ ಎಂಬುದು ನನ್ನ ಅನುಮಾನ.

ವಯಸ್ಸಿಗಿಂತ ನಾನು ನೋಡುವುದು, ಸಿಕ್ಕಿಬಿದ್ದವನನ್ನು ಯಾರ ಎದುರು ಕೂರಿಸುತ್ತಾರೆ ಎಂಬುದನ್ನು. ಸ್ಕಾಟ್ಲೆಂಡಿನಲ್ಲಿ 1971ರಿಂದ ಹೆಚ್ಚಿನ ಮಕ್ಕಳು ಬರುವುದು ತರಬೇತಿ ಪಡೆದ ಮೂವರು ಸ್ವಯಂಸೇವಕರ ಎದುರು. ನ್ಯೂಜಿಲೆಂಡಿನಲ್ಲಿ 1989ರಿಂದ ಮನೆಯವರು, ಪೊಲೀಸರು, ಒಪ್ಪಿದರೆ ಬೈಕು ಕಳಕೊಂಡವನೂ ಒಟ್ಟಿಗೆ ಕೂರುತ್ತಾರೆ. ನಮ್ಮ ಕಡೆಯ ಪಂಚಾಯ್ತಿಕಟ್ಟೆಯಂತೆಯೇ, ಆದರೆ ಕಾನೂನಿನ ಕಾವಲಿನಲ್ಲಿ. ಮಕ್ಕಳಿಗೆಂದೇ ನ್ಯಾಯಾಲಯ ಮೊದಲು ತೆರೆದದ್ದು ಅಮೆರಿಕದ ಶಿಕಾಗೋದಲ್ಲಿ, 1899ರಲ್ಲಿ. ಅದೇ ದೇಶದಲ್ಲಿ ಇವತ್ತು ಗಂಭೀರ ಪ್ರಕರಣಗಳ ಹುಡುಗರು ದೊಡ್ಡವರ ಕೋರ್ಟಿಗೂ ಹೋಗುತ್ತಾರೆ.

‘ಬುದ್ಧಿ ಕಲಿಸುವುದರ’ ಫಲ ನೋಡಬೇಕೆಂದರೆ ಎಂಎಸ್-13 ಗ್ಯಾಂಗಿನ ಕಥೆ ನೋಡಿ. ಎಲ್ ಸಾಲ್ವಡಾರ್‌ನ ಅಂತರ್ಯುದ್ಧದಿಂದ ಓಡಿಬಂದವರ ಮಕ್ಕಳು 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿಕೊಂಡದ್ದು ಅದು. ಅಮೆರಿಕ ಅವರನ್ನು ಜೈಲಿಗೆ ಹಾಕಿತು. 1990ರ ದಶಕದಲ್ಲಿ ವಿಮಾನ ಹತ್ತಿಸಿ ತಾಯ್ನಾಡಿಗೆ ಕಳಿಸಿತು. ಅಲ್ಲಿ ಕೆಲಸವಿಲ್ಲ, ಗುರುತಿನವರಿಲ್ಲ, ಮೈಮೇಲೆ ಗ್ಯಾಂಗಿನ ಹಚ್ಚೆ. ಒಂದು ನಗರದ ಗ್ಯಾಂಗು ಇಡೀ ದೇಶಕ್ಕೆ ಹಬ್ಬಿತು. 2022ರ ಮಾರ್ಚಿನಿಂದ ಅಲ್ಲಿ ತುರ್ತುಸ್ಥಿತಿ. ಕೊಲೆಗಳು ತೀರಾ ಕಡಿಮೆಯಾದವು, ನಿಜ. ಸರಿಯಾದ ವಿಚಾರಣೆಯಿಲ್ಲದೆ ಸಾವಿರಾರು ಜನ ಸೆರೆಯಲ್ಲಿದ್ದಾರೆ, ಅದೂ ನಿಜ. ಅವರಲ್ಲಿ ಮಕ್ಕಳೂ ಇದ್ದಾರೆ.

ಚಾಕು ಇರಿತಕ್ಕೆ ಹೆಸರಾಗಿದ್ದ ಗ್ಲಾಸ್ಗೋ ಬೇರೆ ದಾರಿ ಹಿಡಿಯಿತು. 2005ರಲ್ಲಿ ಅಲ್ಲಿನ ಪೊಲೀಸರೇ ಹಿಂಸೆಯನ್ನು ಅಂಟುರೋಗದಂತೆ ನೋಡೋಣ ಎಂದರು. ಗ್ಯಾಂಗಿನ ಹುಡುಗರನ್ನು ಕೋರ್ಟ್ ಹಾಲಿಗೆ ಕರೆಸಿ, ಗಾಯ ಹೊಲಿದ ಡಾಕ್ಟರ ಮಾತನ್ನೂ ಮಗನನ್ನು ಕಳಕೊಂಡ ತಾಯಿಯ ಮಾತನ್ನೂ ಕೇಳಿಸಿದರು. ಬಿಟ್ಟು ಬಂದರೆ ತರಬೇತಿ, ಕೆಲಸ, ಇಲ್ಲವಾದರೆ ಪೊಲೀಸು. ವಿಚಿತ್ರವೆಂದರೆ ಈ ಉಪಾಯ ಅವರು ಕಲಿತದ್ದು ಅಮೆರಿಕದಿಂದಲೇ.

ಈಗ ನಮ್ಮ ಹುಡುಗನ ವಿಷಯ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರಿರುತ್ತಾರೆ, ಅವರನ್ನೇ ಕೇಳಿ. ಮನೆಗೆ ಕಳಿಸದಿದ್ದರೆ ಹುಡುಗನನ್ನು ವೀಕ್ಷಣಾಲಯದಲ್ಲಿ, ಅಂದರೆ ಇಂಥ ಮಕ್ಕಳಿಗೆಂದೇ ಇರುವ ತಾತ್ಕಾಲಿಕ ವಸತಿಯಲ್ಲಿ ಇಡಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಅವರಿಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ಬುದ್ಧಿ ಹೇಳಿ ಕಳಿಸುವುದರಿಂದ ಹಿಡಿದು ಮೂರು ವರ್ಷದವರೆಗೆ ವಿಶೇಷ ಗೃಹದಲ್ಲಿ ಇಡುವವರೆಗೆ ಏನನ್ನಾದರೂ ಅವರು ಹೇಳಬಹುದು.

“ಹಾಗಾದ್ರೆ ಏನು ಮಾಡಿದ್ರೂ ನಡೆಯುತ್ತಾ?” ಇಲ್ಲ. ಹದಿನಾರು ದಾಟಿದವನು ಕನಿಷ್ಠ ಏಳು ವರ್ಷ ಶಿಕ್ಷೆಯಾಗುವಂಥ ಘೋರ ಅಪರಾಧ ಮಾಡಿದ್ದರೆ, ಮಂಡಳಿ ಅವನನ್ನು ಪರೀಕ್ಷಿಸಿ ದೊಡ್ಡವರಂತೆ ವಿಚಾರಣೆಯಾಗಲಿ ಎನ್ನಬಹುದು. ಆಗಲೂ ಗಲ್ಲು ಇಲ್ಲ. ಜೊತೆಯಲ್ಲಿ ವಯಸ್ಕನೊಬ್ಬ ಇದ್ದನೇ ಎಂಬುದನ್ನು ಮರೆಯದೆ ಹೇಳಿ. ಮಕ್ಕಳಿಂದ ಅಪರಾಧ ಮಾಡಿಸುವವನಿಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂರರಿಂದ ಹತ್ತು ವರ್ಷ ಸೆರೆ ಇದೆ.

ಖರ್ಚೆಷ್ಟು? ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹೆದರಬೇಡಿ. ಮಕ್ಕಳಿಗೆ ಕಾನೂನು ನೆರವು ಉಚಿತ, ಮನೆಯ ಆದಾಯ ಎಷ್ಟೇ ಇರಲಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಫೋನಾದರೆ 15100. ಮಕ್ಕಳ ಸಹಾಯವಾಣಿ 1098.

ಇನ್ನು ಆ ಆಧಾರ್ ಕಾರ್ಡ್. ವಯಸ್ಸು ತೋರಿಸಲು ಕಾಯ್ದೆ ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯ್ತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲಿಲ್ಲ. ಇಷ್ಟು ಹೇಳಿ ಆಕೆಯ ಜೊತೆ ಠಾಣೆಗೆ ಹೋದೆ. ಮರುದಿನ ಬೆಳಿಗ್ಗೆ ಹಾಲಿಗೆಂದು ಹೊರಟಾಗ ನೋಡಿದರೆ, ಶಾಲೆಯ ಗೇಟು ಇನ್ನೂ ತೆರೆದಿರಲಿಲ್ಲ, ಆಕೆ ಆಗಲೇ ಅಲ್ಲಿ ನಿಂತಿದ್ದರು.