ನಿಮ್ಮ ವಾರ್ಡಿನ ಸದಸ್ಯರು ಯಾರು?

ಮುಖ್ಯಮಂತ್ರಿಗಳ ಹೆಸರು ಕೇಳಿದರೆ ನೀವು ತಟ್ಟನೆ ಹೇಳುತ್ತೀರಿ. ಪ್ರಧಾನಮಂತ್ರಿಗಳ ಹೆಸರಂತೂ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ನೀವು ವಾಸಿಸುವ ವಾರ್ಡಿನ ಸದಸ್ಯರ ಹೆಸರೇನು? ಸದಸ್ಯರಾಗುವುದಕ್ಕೆ ಮೊದಲು ಅವರು ಏನು ಮಾಡುತ್ತಿದ್ದರು? ಇಲ್ಲಿ ನಮ್ಮಲ್ಲಿ ಬಹಳ ಮಂದಿ ತಡವರಿಸುತ್ತೇವೆ. ಬೆಳಿಗ್ಗೆ ನಲ್ಲಿಯಲ್ಲಿ ಬರುವ ನೀರು, ಬೀದಿಯ ದೀಪ, ಮನೆ ಮುಂದಿನ ಚರಂಡಿ, ಕಸದ ಗಾಡಿ ಇವೆಲ್ಲ ಮೊದಲು ಸೇರುವುದು ಈ ಸದಸ್ಯರ ಹೊಣೆಗೆ. ಆದ್ದರಿಂದ ಅವರು ಯಾರು, ಎಂಥ ಬದುಕಿನಿಂದ ಬಂದವರು ಎಂಬುದನ್ನು ತಿಳಿಯುವುದು ಕೇವಲ ಕುತೂಹಲದ ಮಾತಲ್ಲ. ಅದೂ ಪೌರ ಶಿಕ್ಷಣದ ಒಂದು ಪಾಠವೇ.

ಸದಸ್ಯರ ಸ್ಥಾನ ಮತ್ತು ಅಧಿಕಾರ

ಕರ್ನಾಟಕದಲ್ಲಿ ಊರಿನ ಗಾತ್ರಕ್ಕೆ ತಕ್ಕಂತೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಮತ್ತು ಮಹಾನಗರ ಪಾಲಿಕೆ ಎಂಬ ನಾಲ್ಕು ಬಗೆಯ ಸಂಸ್ಥೆಗಳಿವೆ. ಊರನ್ನು ವಾರ್ಡುಗಳಾಗಿ ವಿಂಗಡಿಸಿ, ಪ್ರತಿ ವಾರ್ಡಿನಿಂದ ಒಬ್ಬ ಸದಸ್ಯರನ್ನು ಮತದಾರರು ಐದು ವರ್ಷದ ಅವಧಿಗೆ ಆರಿಸುತ್ತಾರೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಈ ಸಂಸ್ಥೆಗಳಿಗೆ ಸಂವಿಧಾನದಲ್ಲೇ ಸ್ಥಾನ ನೀಡಿತು. ನೀರು ಸರಬರಾಜು, ನೈರ್ಮಲ್ಯ, ಕೊಳೆಗೇರಿಗಳ ಸುಧಾರಣೆ, ಸ್ಮಶಾನಗಳ ನಿರ್ವಹಣೆ ಮುಂತಾದ 18 ವಿಷಯಗಳನ್ನು ಅದು ಪಟ್ಟಿ ಮಾಡಿದೆ.

ಒಬ್ಬ ಸದಸ್ಯರು ತಾವೊಬ್ಬರೇ ಯಾವ ಆದೇಶವನ್ನೂ ಹೊರಡಿಸಲಾರರು ಎಂಬುದನ್ನು ಗಮನಿಸಿ. ಅವರ ಬಲವಿರುವುದು ಸಭೆಯಲ್ಲಿ. ಅಲ್ಲಿ ಅವರು ಪ್ರಶ್ನೆ ಕೇಳಬಹುದು, ನಿರ್ಣಯ ಮಂಡಿಸಬಹುದು, ಬಜೆಟ್ ಮೇಲೆ ಮತ ಹಾಕಬಹುದು. ನಮ್ಮ ಮಹಾನಗರ ಪಾಲಿಕೆಗಳಲ್ಲಿ ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಇವುಗಳಿಗೆ ಸ್ಥಾಯಿ ಸಮಿತಿಗಳಿವೆ. ಸದಸ್ಯರು ಯಾವ ಪ್ರಶ್ನೆಯನ್ನು ಎತ್ತುತ್ತಾರೆ ಎಂಬುದರ ಮೇಲೆ ಊರಿನ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಅವರ ಹಿನ್ನೆಲೆಗೆ ಮಹತ್ವ ಬರುವುದು ಇಲ್ಲಿಯೇ. ಕೊಡ ಹಿಡಿದು ಸಾಲಿನಲ್ಲಿ ನಿಂತು ಗೊತ್ತಿರುವವರು ನೀರಿನ ಪ್ರಶ್ನೆಯನ್ನು ಮರೆಯುವುದು ಕಷ್ಟ.

ಮೂರು ಊರು, ಮೂವರು ಸದಸ್ಯರು

ಇತಿಹಾಸದಿಂದ ಕೆಲವು ಉದಾಹರಣೆಗಳನ್ನು ನೋಡೋಣ.

ಮಹಾತ್ಮಾ ಜ್ಯೋತಿಬಾ ಫುಲೆ ಅವರನ್ನು ನೀವು ಶಿಕ್ಷಣದ ಹರಿಕಾರರೆಂದು ಓದಿದ್ದೀರಿ. ಅವರು 1876ರಿಂದ ಕೆಲವು ವರ್ಷ ಪುಣೆ ಪುರಸಭೆಯ ಸದಸ್ಯರೂ ಆಗಿದ್ದರು. ಅವರದು ಹೂವಿನ ಕಸುಬಿನ ಮಾಲಿ ಮನೆತನ. ಸದಸ್ಯರಾಗುವುದಕ್ಕೆ ಬಹಳ ಮೊದಲೇ ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಶಾಲೆ ತೆರೆದಿದ್ದರು. 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ದಲಿತರಿಗೆ ಮುಕ್ತಗೊಳಿಸಿದ್ದರು. ವೈಸರಾಯ್ ಲಾರ್ಡ್ ಲಿಟ್ಟನ್ ಅವರ ಸ್ವಾಗತಕ್ಕೆ ಪುರಸಭೆಯ ಹಣದಿಂದ ಊರನ್ನು ಸಿಂಗರಿಸುವ ಪ್ರಸ್ತಾಪ ಬಂದಾಗ ಫುಲೆ ಅದನ್ನು ವಿರೋಧಿಸಿದರು. ಆ ಹಣ ಬಡವರ ವಿದ್ಯಾಭ್ಯಾಸಕ್ಕೆ ಹೋಗಲಿ ಎಂಬುದು ಅವರ ವಾದವಾಗಿತ್ತು. ಶಾಲೆ ನಡೆಸಿದ ಅನುಭವವೇ ಅಂದು ಸಭೆಯಲ್ಲಿ ಮಾತನಾಡಿತು.

ಎರಡನೆಯವರು ಸರ್ದಾರ್ ವಲ್ಲಭಭಾಯಿ ಪಟೇಲ್. ಅವರು ಅಹಮದಾಬಾದಿನಲ್ಲಿ ಹೆಸರಾದ ವಕೀಲರು. 1917ರಲ್ಲಿ ಅಲ್ಲಿನ ಪುರಸಭೆಗೆ ಆಯ್ಕೆಯಾದರು, ನೈರ್ಮಲ್ಯ ಸಮಿತಿಯ ಹೊಣೆ ಹೊತ್ತರು. ಆಗ ಊರಿನಲ್ಲಿ ಪ್ಲೇಗು ಹಬ್ಬಿತ್ತು. ಅನೇಕರು ಊರು ಬಿಟ್ಟರೂ ಪಟೇಲರು ಅಲ್ಲಿಯೇ ನಿಂತು ಕೆಲಸ ಮಾಡಿದರು. 1924ರಿಂದ 1928ರವರೆಗೆ ಪುರಸಭೆಯ ಅಧ್ಯಕ್ಷರಾಗಿದ್ದರು. 1927ರಲ್ಲಿ ಗುಜರಾತಿನಲ್ಲಿ ಭಾರೀ ಪ್ರವಾಹ ಬಂದಾಗ ಪರಿಹಾರ ಕಾರ್ಯದ ಮುಂದಾಳತ್ವ ವಹಿಸಿದರು. ಮುಂದೆ ಸಂಸ್ಥಾನಗಳನ್ನು ಒಗ್ಗೂಡಿಸಿದ ಆಡಳಿತಗಾರ ಪಳಗಿದ್ದು ಚರಂಡಿ, ನೀರು ಮತ್ತು ತೆರಿಗೆಯ ಕಡತಗಳ ನಡುವೆ.

ಮೂರನೆಯ ಉದಾಹರಣೆ ನಮ್ಮ ನಾಡಿನದೇ. ಮಣಿಪಾಲದಲ್ಲಿ ವೈದ್ಯಕೀಯ ಪದವಿ ಪಡೆದ ಡಾ. ವಿ. ಎಸ್. ಆಚಾರ್ಯ ಅವರು 1968ರಲ್ಲಿ, ಇನ್ನೂ 28ರ ಹರೆಯದಲ್ಲಿ, ಉಡುಪಿ ಪುರಸಭೆಯ ಅಧ್ಯಕ್ಷರಾದರು. ಮನೆಮನೆಯ ಮಲವನ್ನು ಮನುಷ್ಯರು ತಲೆಯ ಮೇಲೆ ಹೊತ್ತು ಸಾಗಿಸುವ ಪದ್ಧತಿ ಆಗ ನಮ್ಮ ಅನೇಕ ಊರುಗಳಲ್ಲಿತ್ತು. ಅವರ ಅವಧಿಯಲ್ಲಿ ಉಡುಪಿ ಈ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲಿ ಬಹಳ ಮುಂಚೆಯೇ ಈ ಹೆಜ್ಜೆಯಿಟ್ಟ ಊರುಗಳಲ್ಲಿ ಉಡುಪಿಯೂ ಒಂದು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಇಡೀ ರಾಜ್ಯದಲ್ಲೇ ಇದನ್ನು ನಿಷೇಧಿಸಿದರು. ಅವರು ದಲಿತ ಸಮುದಾಯದಿಂದ ಬಂದವರು. ಆ ಹೊರೆಯ ಭಾರವನ್ನು ಬಲ್ಲವರು. ಈ ಬಗ್ಗೆ ಸಂಸತ್ತಿನಲ್ಲಿ ಕಾನೂನು ಆದದ್ದು 1993ರಲ್ಲಿ. ಒಬ್ಬರು ರೋಗದ ಮೂಲ ತಿಳಿದ ವೈದ್ಯರು, ಇನ್ನೊಬ್ಬರು ಅವಮಾನದ ಮೂಲ ತಿಳಿದ ಸಾಮಾಜಿಕ ಹೋರಾಟಗಾರರು. ಇಬ್ಬರ ದಾರಿ ಬೇರೆ, ಪಕ್ಷ ಬೇರೆ. ಆದರೂ ಕೈ ಹಾಕಿದ್ದು ಒಂದೇ ಕೆಲಸಕ್ಕೆ.

ಮೀಸಲಾತಿ ತಂದ ಬದಲಾವಣೆ

ಹಿಂದೆ ಪುರಸಭೆಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದವರು ವಕೀಲರು, ವ್ಯಾಪಾರಿಗಳು, ಜಮೀನುದಾರರು. 74ನೇ ತಿದ್ದುಪಡಿಯು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಷ್ಟು ಸ್ಥಾನಗಳನ್ನೂ, ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನೂ ಕಾದಿರಿಸಿತು. ಕರ್ನಾಟಕದಲ್ಲಿ ಮಹಿಳೆಯರ ಪಾಲನ್ನು ಮುಂದೆ ಅರ್ಧಕ್ಕೆ ಏರಿಸಲಾಯಿತು. ಹೀಗಾಗಿ ಇಂದು ಸಭೆಯಲ್ಲಿ ಗೃಹಿಣಿ, ನಿವೃತ್ತ ಶಿಕ್ಷಕಿ, ಸ್ವಸಹಾಯ ಸಂಘ ಕಟ್ಟಿದವರು, ಪೌರಕಾರ್ಮಿಕರ ಮನೆಯ ಮಗಳು ಇವರೆಲ್ಲ ಕುಳಿತುಕೊಳ್ಳುವುದಕ್ಕೆ ದಾರಿಯಾಗಿದೆ.

ದಾರಿಯಾದ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎನ್ನುವಂತಿಲ್ಲ. ಹೆಂಡತಿ ಗೆದ್ದರೂ ಗಂಡನೇ ಕಚೇರಿಗೆ ಬಂದು ಅಧಿಕಾರ ನಡೆಸುವುದನ್ನು ನೀವೂ ಕೇಳಿರಬಹುದು, ಕಂಡಿರಬಹುದು. ಇಂಥಲ್ಲಿ ಮತದಾರರು ನೇರವಾಗಿ ಸದಸ್ಯೆಯನ್ನೇ ಭೇಟಿಯಾಗಿ, ಅವರ ಹೆಸರಿಗೇ ಅರ್ಜಿ ಬರೆದರೆ, ಆ ಸ್ಥಾನ ನಿಜವಾಗಿಯೂ ಅವರದಾಗುವುದಕ್ಕೆ ನೆರವಾಗುತ್ತದೆ.

ಸೇವೆಯನ್ನು ಅಳೆಯುವುದು ಹೇಗೆ?

ಚುನಾವಣೆ ಹತ್ತಿರ ಬಂದಾಗ ಎಲ್ಲರೂ ಸಮಾಜಸೇವಕರೇ! ಗೋಡೆಯ ಮೇಲೆಲ್ಲ ಭಿತ್ತಿಪತ್ರ, ಶಾಲೆಯ ಮಕ್ಕಳಿಗೆ ನೋಟ್‌ಪುಸ್ತಕ. ಕೊಟ್ಟ ಪುಸ್ತಕವನ್ನು ತಪ್ಪೆನ್ನಬೇಕಿಲ್ಲ. ಆದರೆ ಸೇವೆಯನ್ನು ಅಳೆಯಲು ಬೇರೆ ಪ್ರಶ್ನೆಗಳಿವೆ. ಅಧಿಕಾರವಿಲ್ಲದಾಗ ಅವರು ಯಾರ ಜೊತೆ ನಿಂತಿದ್ದರು? ಆ ಕೆಲಸ ಎಷ್ಟು ವರ್ಷ ನಡೆಯಿತು? ಗೆದ್ದ ಮೇಲೆ ಸಭೆಗೆ ತಪ್ಪದೆ ಹೋಗುತ್ತಾರೆಯೇ, ಹೋಗಿ ಏನು ಕೇಳುತ್ತಾರೆ?

ಹಿನ್ನೆಲೆಯನ್ನು ತಿಳಿಯಲು ಕಾನೂನಿನ ದಾರಿಯೂ ಇದೆ. ಅಭ್ಯರ್ಥಿಗಳು ನಾಮಪತ್ರದ ಜೊತೆಗೆ ತಮ್ಮ ವಿದ್ಯಾರ್ಹತೆ, ಆಸ್ತಿ, ಸಾಲ ಮತ್ತು ತಮ್ಮ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳ ಬಗ್ಗೆ ಪ್ರಮಾಣಪತ್ರ ಸಲ್ಲಿಸಬೇಕು. ಇದು ಬರೀ ಕಾಗದವಲ್ಲ. ಮೈಸೂರು ಮಹಾನಗರ ಪಾಲಿಕೆಯ ಸದಸ್ಯೆಯೊಬ್ಬರು ಪತಿಯ ಆಸ್ತಿಯ ವಿವರವನ್ನು ಸರಿಯಾಗಿ ಘೋಷಿಸದಿದ್ದುದಕ್ಕೆ ಅವರ ಆಯ್ಕೆಯೇ ರದ್ದಾಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇನ್ನೊಂದು ನಿಯಮವೂ ತಿಳಿದಿರಲಿ. ಪಾಲಿಕೆಯ ಕಾಮಗಾರಿಯ ಗುತ್ತಿಗೆಯಲ್ಲಿ ಪಾಲು ಇರುವವರು ಸದಸ್ಯರಾಗಿರಲು ಅನರ್ಹರು. ಬಿಲ್ಲು ಮಂಜೂರು ಮಾಡುವ ಕೈ, ಹಣ ಪಡೆಯುವ ಕೈ ಒಂದೇ ಆಗಬಾರದಲ್ಲವೇ?

ಸದಸ್ಯರೇ ಇಲ್ಲದಿದ್ದಾಗ

ವಾರ್ಡ್ ಸದಸ್ಯರ ಬೆಲೆ ತಿಳಿಯುವುದು ಅವರು ಇಲ್ಲದಿದ್ದಾಗ. ಬೆಂಗಳೂರಿನಲ್ಲಿ 2015ರಲ್ಲಿ ಆಯ್ಕೆಯಾದ 198 ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ, ಆಡಳಿತ ಅಧಿಕಾರಿಗಳ ಕೈಯಲ್ಲೇ ಉಳಿಯಿತು. 2025ರಲ್ಲಿ ಆ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ರಚನೆಯಾದವು. ಅಧಿಕಾರಿಗಳಲ್ಲಿ ದಕ್ಷರಿಲ್ಲವೆಂದಲ್ಲ. ಆದರೆ ಅವರಿಗೆ ವರ್ಗಾವಣೆಯಿದೆ. ವಾರ್ಡಿನ ಸದಸ್ಯರಾದರೋ ಅದೇ ಊರಿನಲ್ಲಿ ಬಾಳಬೇಕು, ಐದು ವರ್ಷದ ನಂತರ ಅದೇ ಜನರ ಮುಂದೆ ಕೈಮುಗಿದು ನಿಲ್ಲಬೇಕು. ಮನೆಯ ಬಾಗಿಲು ತಟ್ಟಿ ಲೆಕ್ಕ ಕೇಳಬಹುದಾದ ಜನಪ್ರತಿನಿಧಿ ನಮಗೆ ಇವರಷ್ಟು ಹತ್ತಿರದಲ್ಲಿ ಬೇರೆ ಯಾರಿದ್ದಾರೆ?

ನೀವೇನು ಮಾಡಬಹುದು?

ಈ ವಾರ ಒಂದು ಸಣ್ಣ ಕೆಲಸ ಮಾಡಿ ನೋಡಿ. ಮೊದಲು ನಿಮ್ಮ ವಾರ್ಡಿನ ಸಂಖ್ಯೆ ತಿಳಿದುಕೊಳ್ಳಿ. ಮನೆಯ ತೆರಿಗೆ ರಸೀದಿಯಲ್ಲೋ ಹಿರಿಯರ ಬಳಿಯೋ ಅದು ಸಿಗುತ್ತದೆ. ಸದಸ್ಯರು ಯಾರೆಂದು ವಿಚಾರಿಸಿ. ಚುನಾವಣೆ ಬಾಕಿಯಿದ್ದರೆ ಹಿಂದಿನ ಸದಸ್ಯರನ್ನೇ ಹುಡುಕಿ. ನಾಲ್ಕೈದು ಮಂದಿ ಸ್ನೇಹಿತರು ಕೂಡಿ, ಸಮಯ ಕೇಳಿಕೊಂಡು ಭೇಟಿಯಾಗಿ. ಅವರ ಓದು, ಕಸುಬು, ಮಾಡಿದ ಸೇವೆ, ಸಭೆಯಲ್ಲಿ ಎತ್ತಿದ ಪ್ರಶ್ನೆ ಇವುಗಳನ್ನು ವಿನಯದಿಂದ ಕೇಳಿ ಬರೆದುಕೊಳ್ಳಿ. ಆಮೇಲೆ ಅದೇ ಬೀದಿಯ ನಾಲ್ಕು ಮನೆಗಳಲ್ಲಿ ವಿಚಾರಿಸಿ. ಎರಡೂ ಉತ್ತರಗಳನ್ನು ಪಕ್ಕದಲ್ಲಿಟ್ಟು ತರಗತಿಯಲ್ಲಿ ಚರ್ಚಿಸಿ.

ನಿಮಗೆ 18 ತುಂಬಿದಾಗ ಮತದ ಹಕ್ಕು ಬರುತ್ತದೆ. 21 ತುಂಬಿದರೆ ನೀವೇ ಆ ಸ್ಥಾನಕ್ಕೆ ಸ್ಪರ್ಧಿಸಬಹುದು. ಆ ದಿನ ಬಂದಾಗ ಮತದಾರರು ನಿಮ್ಮನ್ನೂ ಇದೇ ಪ್ರಶ್ನೆ ಕೇಳುತ್ತಾರೆ: ನೀವು ಯಾರು, ಇಷ್ಟು ದಿನ ನಮಗಾಗಿ ಏನು ಮಾಡಿದಿರಿ? ಉತ್ತರವನ್ನು ಈಗಿನಿಂದಲೇ ಸಿದ್ಧಪಡಿಸಿಕೊಳ್ಳಲು ನಿಮ್ಮ ಬೀದಿಯಲ್ಲೇ ಬೇಕಾದಷ್ಟು ಕೆಲಸವಿದೆ.