ತಂದೆಯವರ ಕ್ಯಾಮರಾ

ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಕೆಳಗಿಳಿಸಿ ನೋಡುವ ಕೆಲಸವು ನಮ್ಮ ಕಡೆ ಮನೆಗೆ ಸುಣ್ಣ ಬಳಿಸುವ ಕಾಲಕ್ಕೆ ಮೀಸಲಾದದ್ದು. ಎರಡು ವರ್ಷಗಳ ಹಿಂದೆ ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಅಂಥದೊಂದು ದಿನ, ಜಾತಕಗಳ ಕಟ್ಟು ಮತ್ತು ಹಳೆಯ ಪಂಚಾಂಗಗಳ ಅಡಿಯಲ್ಲಿ, ನಮ್ಮ ತಂದೆಯವರ ಎರಡು ಕ್ಯಾಮರಾಗಳು ದೊರೆತವು. ಅವರು ತೀರಿಕೊಂಡು ಆಗಲೇ ಹತ್ತು ವರ್ಷಗಳಾಗಿದ್ದುವು. ಒಂದು, ವಡೋದರೆಯ ನ್ಯೂ ಇಂಡಿಯಾ ಇಂಡಸ್ಟ್ರೀಸ್‌ನವರು ನಮ್ಮ ದೇಶದಲ್ಲಿಯೇ ತಯಾರಿಸುತ್ತಿದ್ದ ಅಗ್ಫಾ ಕ್ಲಿಕ್ 3. ಇನ್ನೊಂದು, 1950ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ತಯಾರಾದ, ಮಡಿಸಿಡಬಹುದಾದ ಅಗ್ಫಾ ಐಸೊಲೆಟ್ 2. ಮೊದಲನೆಯದನ್ನು ಮನೆಯ ಮಕ್ಕಳೆಲ್ಲರೂ ಮುಟ್ಟಬಹುದಾಗಿತ್ತು. ಎರಡನೆಯದನ್ನು ತಂದೆಯವರ ಹೊರತು ಯಾರೂ ಮುಟ್ಟತಕ್ಕದ್ದಲ್ಲವೆಂದು ಕಟ್ಟಾಜ್ಞೆಯಿತ್ತು.

ಆ ಆಜ್ಞೆಯ ಬೆಲೆಯು ನಮಗೆ ತಿಳಿದದ್ದು ಅದನ್ನು ಮೀರಿದ ತರುವಾಯ. ನಡುಹಗಲಿನಲ್ಲಿ ಅಂಗಳದ ಬಿಸಿಲಿಗೆ ನಿಂತು, ಏನೊಂದನ್ನೂ ಯೋಚಿಸದೆ, ಐಸೊಲೆಟ್ಟಿನ ಹಿಂಬದಿಯ ಮುಚ್ಚಳವನ್ನು ತೆರೆದೆವು. ಒಳಗೆ ಫಿಲ್ಮು ಇತ್ತು. ಆ ಕ್ಷಣದಲ್ಲಾದರೂ ಮುಚ್ಚಿದ್ದರೆ ಹಾನಿಯು ಅಲ್ಪದಲ್ಲಿ ತೀರುತ್ತಿತ್ತು. ನಾವಾದರೋ ಕುತೂಹಲಕ್ಕೆ ಸೋತು ಅದರ ಬೆನ್ನಿನ ಕಾಗದವನ್ನು ಹಿಡಿದು ಗೇಣುದ್ದ ಎಳೆದೇ ಬಿಟ್ಟೆವು. ಆ ಕಾಗದದ ಮೇಲೆ 8 ಎಂಬ ಅಂಕೆಯನ್ನು ಕಂಡ ಮೇಲೆಯೇ ನಾವು ಮಾಡಿದ್ದೇನೆಂಬುದು ಹೊಳೆದದ್ದು.

ತಿಳಿಯದ ವಾಚಕರಿಗಾಗಿ ಇಷ್ಟನ್ನು ಹೇಳಬೇಕು. 120 ಎಂಬ ಸಂಖ್ಯೆಯ ಈ ಫಿಲ್ಮು 1901ರಲ್ಲಿ ಬಳಕೆಗೆ ಬಂದದ್ದು, ಇಂದಿಗೂ ತಯಾರಾಗುತ್ತಿದೆ. ಫಿಲ್ಮಿನ ಬೆನ್ನಿಗೆ ಉದ್ದನೆಯ ಕಾಗದವಿರುತ್ತದೆ. ಅದರ ಮೇಲೆ ಅಂಕೆಗಳು ಮುದ್ರಿತವಾಗಿರುತ್ತವೆ. ಕ್ಯಾಮರಾದ ಬೆನ್ನಿನಲ್ಲಿರುವ ಸಣ್ಣ ಕೆಂಪು ಕಿಟಕಿಯಿಂದ ಆ ಅಂಕೆಗಳನ್ನು ನೋಡಿಕೊಂಡು ಫಿಲ್ಮನ್ನು ಸುತ್ತಬೇಕು. ಐಸೊಲೆಟ್ಟಿನಲ್ಲಿ ಒಂದು ಸುರುಳಿಗೆ ಚೌಕಾಕಾರದ ಹನ್ನೆರಡು ಚಿತ್ರಗಳು. ತೆಗೆದ ಚಿತ್ರಗಳು ಇನ್ನೊಂದು ಕದಿರಿಗೆ ಸುತ್ತಿಕೊಳ್ಳುತ್ತ ಹೋಗುವುದರಿಂದ, ಮೊದಲಿನವು ಒಳಗೆ ಅಡಗಿ ಕಡೆಯವು ಹೊರಮೈಯಲ್ಲಿ ನಿಲ್ಲುತ್ತವೆ. ಆದುದರಿಂದ ಮುಚ್ಚಳ ತೆರೆದಾಗ ಬೆಳಕಿಗೆ ಬಲಿಯಾಗುವುದು ತೆಗೆದವರು ಎಲ್ಲಕ್ಕಿಂತ ಕಡೆಗೆ ತೆಗೆದ ಚಿತ್ರಗಳೇ.

ಆ ಕಡೆಯ ಚಿತ್ರಗಳು ಯಾವುವೆಂದು ನಮ್ಮ ತಾಯಿಯವರನ್ನು ಕೇಳಿದೆವು. ಅವರು ಬಹಳ ಹೊತ್ತು ಕ್ಯಾಮರಾವನ್ನೇ ನೋಡುತ್ತಿದ್ದರು.

“ಅತ್ತೆಯವರು ಫೋಟೋ ಅಂದರೆ ಆಯುಸ್ಸು ಕಡಿಮೆಯಾಗುತ್ತೆ ಅಂತ ಒಪ್ಪುತ್ತಲೇ ಇರಲಿಲ್ಲ ಮಗಾ. ಆ ಸಲ ಹೇಗೋ ಒಪ್ಪಿದರು. ಜಗಲಿಯಲ್ಲಿ ಕೂರಿಸಿ ಮೂರೋ ನಾಲ್ಕೋ ತೆಗೆದರು. ಸುರುಳಿ ಮುಗಿಯಲಿ, ಶಿವಮೊಗ್ಗಕ್ಕೆ ಹೋದಾಗ ತೊಳೆಯಲಿಕ್ಕೆ ಕೊಟ್ಟರಾಯಿತು ಅಂದರು. ಅಷ್ಟರಲ್ಲಿ ಅವರು ಹೋಗಿಬಿಟ್ಟರು. ಆಮೇಲೆ ನಿಮ್ಮಪ್ಪ ಅದನ್ನು ಹೊರಗೆ ತೆಗೆಯಲೇ ಇಲ್ಲ.”

ನಮ್ಮ ಅಜ್ಜಿಯವರು ಹೋದದ್ದು 1979ರಲ್ಲಿ. ಅವರ ಬೇರೊಂದು ಚಿತ್ರವು ನಮ್ಮ ಮನೆಯಲ್ಲಿ ಇಲ್ಲ.

ಉಳಿದದ್ದನ್ನಾದರೂ ಉಳಿಸಬೇಕೆಂದು ಸಂಕಲ್ಪಿಸಿದೆವು. ಫಿಲ್ಮು ಉದಕಮಂಡಲದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು. 1960ರಲ್ಲಿ ಸ್ಥಾಪಿತವಾಗಿ 1967ರಲ್ಲಿ ಉತ್ಪಾದನೆಗೆ ತೊಡಗಿ, ಈಗ ಮುಚ್ಚಿಹೋಗಿರುವ ಆ ಕಾರ್ಖಾನೆಯವರು ತಮ್ಮ ಫಿಲ್ಮಿಗೆ ‘ಇಂದು’ ಎಂದು ಹೆಸರಿಟ್ಟಿದ್ದರು. ಚಂದ್ರನ ಹೆಸರೇನೋ ಸರಿಯೇ. ನಾಲ್ಕು ದಶಕಗಳ ಹಿಂದಿನ ಸುರುಳಿಯ ಮೇಲೆ ಕನ್ನಡಿಗನು ಅದನ್ನು ಓದಿದಾಗ ಬೇರೆ ಅರ್ಥವೂ ತೋರದಿರುವುದಿಲ್ಲ. ಬಿಳಿ-ಕಪ್ಪು ಫಿಲ್ಮಿನಲ್ಲಿ ಅಡಗಿದ ಬಿಂಬವು ದಶಕಗಳವರೆಗೆ ನಿಲ್ಲಬಲ್ಲದು. ಆದರೆ ಕಾಲ ಕಳೆದಂತೆ ಅದರ ಮೇಲೆ ಮಂಜು ಮುಸುಕುತ್ತದೆ.

ತೊಳೆಯುವ ದ್ರಾವಣವನ್ನು ಮನೆಯಲ್ಲಿಯೇ ಕೂಡಿಸಿದೆವು. ಕೊಡಾಕ್‌ನವರ ಡಿ-76 ಎಂಬ ಹಳೆಯ ಪಾಕ ಇದು: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರ್ಯಾಕ್ಸ್ 2 ಗ್ರಾಂ. ಸಾರಿಗೆ ಉಪ್ಪನ್ನು ಮೊದಲು ಹಾಕಿದರೂ ನಡೆದೀತು, ಕಡೆಗೆ ಹಾಕಿದರೂ ನಡೆದೀತು, ಇಲ್ಲಿ ಹಾಗಲ್ಲ. ಸಲ್ಫೈಟು ಹೆಚ್ಚಾಗಿ ಬೆರೆತ ನೀರಿನಲ್ಲಿ ಮೆಟಾಲು ಕರಗಲೊಲ್ಲದು. ಆದುದರಿಂದ ಮೆಟಾಲನ್ನು ಮುಂಚೆ ಕರಗಿಸಿಕೊಳ್ಳತಕ್ಕದ್ದು. ಅಡಿಗೆಯ ಪಾತ್ರೆಗಳನ್ನು ಇದಕ್ಕೆ ಮುಟ್ಟಿಸಲೇಬಾರದು. ಮಕ್ಕಳ ಕೈಗೂ ಎಟುಕಬಾರದು. ದ್ರಾವಣದ ಶಾಖವು 20 ಡಿಗ್ರಿಯಷ್ಟಿರಬೇಕು. ನಮ್ಮ ಸೀಮೆಯ ನೀರು ಬೇಸಗೆಯಲ್ಲಿ ಅದಕ್ಕಿಂತ ಬೆಚ್ಚಗಿರುವುದರಿಂದ ಸೀಸೆಯನ್ನು ಮಂಜುಗಡ್ಡೆ ಹಾಕಿದ ಬೋಗುಣಿಯಲ್ಲಿ ಇಳಿಸಿಟ್ಟೆವು. ರಾತ್ರಿ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಕತ್ತಲೆಯಲ್ಲಿ ಬೆರಳ ತುದಿಯಿಂದಲೇ ತಡವರಿಸಿ ಫಿಲ್ಮನ್ನು ಕಾಗದದಿಂದ ಬಿಡಿಸಿ ಡಬ್ಬಿಗೆ ಸುತ್ತಿದೆವು. ಹೈಪೊದಲ್ಲಿ ಅದ್ದಿ, ತೊಳೆದು, ದೀಪದ ಎದುರಿಗೆ ಹಿಡಿದಾಗ ನಮ್ಮ ಕೈ ನಡುಗುತ್ತಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಮೊದಲ ನಾಲ್ಕು ಚಿತ್ರಗಳು ಮಂಜಿನ ಹಿಂದಿನಿಂದ ಮೂಡಿದ್ದುವು: ಅಡಕೆ ತೋಟ, ತೋಟದ ಕಾಲುವೆಯ ಸಂಕ, ಒಂದು ಕರು, ಮತ್ತು ಕಣ್ಣು ಕಿರಿದು ಮಾಡಿ ನಿಂತ ನಾವು. ಆರು, ಏಳು, ಎಂಟು ಕಡುಕಪ್ಪು. ಐದನೆಯದು ಅರ್ಧ ಸುಟ್ಟಿತ್ತು. ಉಳಿದ ಅರ್ಧದಲ್ಲಿ ಜಗಲಿಯ ಕಂಬ, ಸೆರಗಿನ ಅಂಚು, ಅಡಕತ್ತರಿ ಹಿಡಿದ ಒಂದು ಕೈ. ಮುಖವಿದ್ದ ಕಡೆ ಏನೂ ಇಲ್ಲ.

ಅದರ ಪ್ರತಿಯನ್ನು ತಾಯಿಯವರ ಕೈಗಿತ್ತು, ನಮ್ಮಿಂದ ತಪ್ಪಾಯಿತೆಂದೆವು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, “ಈ ಹೆಬ್ಬೆರಳು ನೋಡು, ಹೀಗೇ ಸೊಟ್ಟ ಇತ್ತು,” ಎಂದರು. ನಮಗೆ ಅದು ನೆನಪೇ ಇರಲಿಲ್ಲ. ಚಿತ್ರವು ಈಗ ಅವರ ಭಗವದ್ಗೀತೆಯ ಪುಸ್ತಕದೊಳಗೆ ಇದೆ.

ಆ ಮೇಲೆ ಕ್ಯಾಮರಾವನ್ನು ಸುಮ್ಮನೆ ಅಟ್ಟಕ್ಕೆ ಹಿಂದಿರುಗಿಸಲು ಮನಸ್ಸು ಬರಲಿಲ್ಲ. ದುರಸ್ತಿಯ ಅಂಗಡಿಯವರೊಬ್ಬರು ಇದನ್ನು ಗಾಜಿನ ಬೀರುವಿನಲ್ಲಿ ಅಲಂಕಾರಕ್ಕೆ ಇಡಬಹುದೆಂದರು. ನಾವೇ ತೊಡಗಿದೆವು. ಈ ಜಾತಿಯ ಕ್ಯಾಮರಾಗಳಿಗೆ ಎರಡು ಪ್ರಸಿದ್ಧ ರೋಗಗಳುಂಟು. ಒಂದು, ಮಸೂರವನ್ನು ತಿರುಗಿಸುವ ಉಂಗುರದ ಜಿಡ್ಡು ಹಸುರಾಗಿ ಅರಗಿನಂತೆ ಬಿಗಿದುಕೊಳ್ಳುವುದು. ಬಲವಂತವಾಗಿ ತಿರುಗಿಸಿದರೆ ಮುಂದಿನ ಗಾಜಿನೊಡನೆ ಅದರ ಹಿಂದಿನದೂ ಬಿಚ್ಚಿಕೊಂಡು, ದೂರದ ಲೆಕ್ಕವೆಲ್ಲ ಕೆಡುತ್ತದೆ. ಲೈಟರಿಗೆ ತುಂಬುವ ನ್ಯಾಫ್ತಾವನ್ನು ಹನಿಹನಿಯಾಗಿ ಬಿಟ್ಟು, ದಿನಗಟ್ಟಲೆ ಕಾದು, ಅದನ್ನು ಬಿಡಿಸಿಕೊಂಡೆವು. ಅದು ಬೇಗನೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ದೀಪ, ಒಲೆಗಳ ಹತ್ತಿರ ತರಕೂಡದು. ಮತ್ತೆ ಜೋಡಿಸುವಾಗ ಫಿಲ್ಮು ಕೂಡುವ ಕಡೆ ತೆಳುಗಾಗದವನ್ನು ಬಿಗಿಯಾಗಿ ಅಂಟಿಸಿ, ಷಟರನ್ನು ತೆರೆದಿಟ್ಟು, ದೂರದ ಗುಡ್ಡದ ನೆತ್ತಿಯ ಮರವು ಆ ಕಾಗದದ ಮೇಲೆ ತಲೆಕೆಳಗಾಗಿ ಸ್ಪಷ್ಟವಾಗುವವರೆಗೂ ಉಂಗುರವನ್ನು ತಿರುಗಿಸಿದೆವು. ಮನೆಯ ಹುಡುಗರೆಲ್ಲ ಆ ತಲೆಕೆಳಗಾದ ಗುಡ್ಡವನ್ನು ನೋಡಲು ಸಾಲುಗಟ್ಟಿದರು.

ಎರಡನೆಯ ರೋಗವು ತಿದಿಯದು. ಅಗ್ಫಾ ಕಂಪೆನಿಯ ತಿದಿಗಳು ಮಡಿಕೆಯ ಮೂಲೆಗಳಲ್ಲಿ ಸವೆದು ತೂತಾಗುತ್ತವೆ. ಕತ್ತಲೆಯ ಕೋಣೆಯಲ್ಲಿ ತಿದಿಯೊಳಗೆ ಸಣ್ಣ ಟಾರ್ಚನ್ನು ಇಟ್ಟಾಗ ನಮ್ಮದರಲ್ಲಿ ಹನ್ನೊಂದು ನಕ್ಷತ್ರಗಳು ಕಂಡುವು. ಕಪ್ಪು ಬಣ್ಣಕ್ಕೆ ಒಣಗಿದ ಮೇಲೂ ಬಾಗುವ ಅಂಟನ್ನು ಬೆರೆಸಿ ಒಂದೊಂದನ್ನೂ ಮುಚ್ಚಿದೆವು. ಇದು ತಾತ್ಕಾಲಿಕವೇ ಸರಿ. ಹೊಸ ತಿದಿಯನ್ನು ಹಾಕಿಸುವುದೇ ಉತ್ತಮ. ಮಸೂರದ ಬೂಷ್ಟನ್ನು ಒರೆಸಿದರೂ ಅದು ಗಾಜನ್ನು ಕೊರೆದ ಗುರುತು ಹೋಗಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲವೇ ಬೂಷ್ಟಿಗೆ ತವರು. ಕ್ಯಾಮರಾವನ್ನು ಅದರೊಳಗಿಟ್ಟು ಜೋಪಾನ ಮಾಡಿದೆವೆಂದು ತಿಳಿಯುವವರು ಅದನ್ನು ಕೆಡಿಸುತ್ತಿರುವರೆಂದೇ ಹೇಳಬೇಕು. ಕ್ಲಿಕ್ 3ಕ್ಕೆ ಒರೆಸುವುದರ ಹೊರತು ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ.

ಬೆಳಕನ್ನು ಅಳೆಯುವ ಯಂತ್ರವು ಐಸೊಲೆಟ್ಟಿನಲ್ಲಿಲ್ಲ. ತಂದೆಯವರು ಆಕಾಶವನ್ನೊಮ್ಮೆ ನೋಡಿ ಅಂಕೆಗಳನ್ನು ತಿರುಗಿಸುತ್ತಿದ್ದುದು ಬಾಲ್ಯದಲ್ಲಿ ನಮಗೆ ಮಂತ್ರವಿದ್ಯೆಯಂತೆ ತೋರುತ್ತಿತ್ತು. ವಿದ್ಯೆಯು ಇಷ್ಟೇ: ಒಳ್ಳೆಯ ಬಿಸಿಲಿದ್ದರೆ ರಂಧ್ರವನ್ನು 16ಕ್ಕೆ ಇಟ್ಟು, ಫಿಲ್ಮಿನ ವೇಗ 125 ಆದಲ್ಲಿ ಷಟರನ್ನು ಸೆಕೆಂಡಿನ ನೂರನೆಯ ಒಂದಂಶಕ್ಕೆ ಇಡುವುದು, ಮೋಡ ಮುಚ್ಚಿದಂತೆ ರಂಧ್ರವನ್ನು 11, 8, 5.6 ಎಂದು ಹಿಗ್ಗಿಸುತ್ತ ಹೋಗುವುದು. ಈಗಿನ ಫಿಲ್ಮುಗಳು ಕೆಂಪು ಬೆಳಕಿಗೂ ಸ್ಪಂದಿಸುವುದರಿಂದ, ಸುತ್ತುವ ಹೊತ್ತಿನ ಹೊರತು ಕೆಂಪು ಕಿಟಕಿಯನ್ನು ಕಪ್ಪು ಪಟ್ಟಿಯಿಂದ ಮುಚ್ಚಿರುವುದು ಕ್ಷೇಮ.

ಇಂಗ್ಲೆಂಡಿನ ಇಲ್ಫರ್ಡ್ ಕಂಪೆನಿಯ ಎಫ್‌ಪಿ4 ಫಿಲ್ಮನ್ನು ತರಿಸಿ ಇದುವರೆಗೆ ಮೂರು ಸುರುಳಿ ಮುಗಿಸಿದ್ದೇವೆ. ತಾಯಿಯವರು ಜಗಲಿಯಲ್ಲಿ ಕುಳಿತದ್ದು ಅವುಗಳಲ್ಲಿ ನಾಲ್ಕು ಕಡೆ ಇದೆ. ಒಂದರಲ್ಲಿ ಮಾತ್ರ ಕಣ್ಣು ಮುಚ್ಚಿದ್ದಾರೆ. ಸುರುಳಿಯು ಮುಗಿದ ವಾರದೊಳಗೆ ತೊಳೆಯುವುದು ಈಗ ನಮ್ಮ ಮನೆಯ ನಿಯಮ. ಮುಗಿಯದಿರುವಾಗ ಐಸೊಲೆಟ್ಟಿನ ಕೊರಳಿಗೆ ದಾರದಿಂದ ಒಂದು ಚೀಟಿ ಕಟ್ಟುತ್ತೇವೆ: “ಒಳಗೆ ಫಿಲ್ಮು ಇದೆ. ತೆರೆಯಬೇಡಿ.” ಅದರ ಕೆಳಗೆ ತಾರೀಖು, ಮತ್ತು ಯಾರ ಯಾರ ಚಿತ್ರಗಳಿವೆಯೆಂಬ ಪಟ್ಟಿ.