ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಏಳದಿದ್ದರೆ

ಕಂಬಂ ಕಣಿವೆ, ತೇನಿ, ದಿಂಡಿಗಲ್ ಸೀಮೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ತಮಿಳುನಾಡು ಸರ್ಕಾರ 2011ರಲ್ಲಿ ಶುರು ಮಾಡಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ಕೂಡ ಈ ಮನೆಗಳ ಮಕ್ಕಳ ಕೈಗೆ ಬಂತು. ಬಾಸ್‌ನ ಬೇರು ಡೆಬಿಯನ್, ಉಬುಂಟುವಿನದೂ ಅದೇ. ಹಾಗಾಗಿ ಉಬುಂಟು ಬಳಸುವವರೂ ಕೇಳಿ.

ಅಪ್‌ಡೇಟ್ ಅರ್ಧಕ್ಕೆ ನಿಂತಿತು, ಇಲ್ಲವೇ ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಮುಗಿಯಿತು. ಈಗ ಏನು ಒತ್ತಿದರೂ ‘ಶೇರ್ಡ್ ಲೈಬ್ರರಿ’ ದೋಷ, ಇಲ್ಲವೇ ಯಂತ್ರ ಏಳುವುದೇ ಇಲ್ಲ.

ಅರ್ಧಕ್ಕೆ ನಿಂತದ್ದು ಗ್ಲಿಬ್‌ಸಿ ಎಂಬ ಲೈಬ್ರರಿಯಾಗಿದ್ದರೆ ಹೀಗಾಗುತ್ತದೆ. ಅದು ಊರಿಗೊಂದೇ ಬಾವಿ ಇದ್ದ ಹಾಗೆ. ಎಲ್‌ಎಸ್, ಸಿಪಿ, ಸುಡೊ, ಎಲ್ಲವೂ ನೀರು ಸೇದುವುದು ಅಲ್ಲಿಂದಲೇ. ಬಾವಿ ಕುಸಿದರೆ ಎಲ್ಲರ ಕೊಡವೂ ಖಾಲಿ.

ಟರ್ಮಿನಲ್ ಒಂದು ತೆರೆದೇ ಇದೆಯಾ? ದಯವಿಟ್ಟು ಮುಚ್ಚಬೇಡಿ, ರೀಬೂಟ್ ಮಾಡಬೇಡಿ. ಸಿಡಿ, ಎಕೊ ಶೆಲ್‌ನೊಳಗೇ ಇರುವ ಕಮಾಂಡ್‌ಗಳು, ಅವು ಇನ್ನೂ ನಡೆಯುತ್ತವೆ.

ಯಂತ್ರ ಆಫ್ ಆಗಿಹೋಗಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಡಿಸ್ಕ್ ಮೌಂಟ್ ಮಾಡಿ, ಮೊದಲು ನಿಮ್ಮ ಫೈಲ್‌ಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ. ಹಲವರು ಇಲ್ಲಿ ನೇರವಾಗಿ ಸಿಹೆಚ್‌ರೂಟ್‌ಗೆ, ಅಂದರೆ ಡಿಸ್ಕ್‌ನಲ್ಲಿರುವ ಸಿಸ್ಟಂನೊಳಗೆ ಹೋಗುವ ಕಮಾಂಡ್‌ಗೆ, ಕೈ ಹಾಕುತ್ತಾರೆ. ಆಗುವುದಿಲ್ಲ, ಒಳಗಿನ ಬ್ಯಾಶ್‌ಗೂ ಅದೇ ಬಾವಿಯ ನೀರು ಬೇಕು! ನಿಮ್ಮ ಸಿಸ್ಟಂನ ಅದೇ ಆವೃತ್ತಿಯ, ಗ್ಲಿಬ್‌ಸಿ ಇರುವ ಲಿಬ್‌ಸಿ6 ಪ್ಯಾಕೇಜ್ ಇಳಿಸಿ, ಬೇರೆ ಫೋಲ್ಡರ್‌ನಲ್ಲಿ ಬಿಚ್ಚಿ, ಲೈಬ್ರರಿ ಫೈಲ್‌ಗಳನ್ನು ಮೌಂಟ್ ಮಾಡಿದ ಡಿಸ್ಕ್‌ನಲ್ಲಿ ಅವುಗಳ ಜಾಗಕ್ಕೆ ಕಾಪಿ ಮಾಡಿ. ಆಮೇಲೆ ಸಿಹೆಚ್‌ರೂಟ್ ತೆರೆಯುತ್ತದೆ. ಒಳಗೆ ಎಲ್‌ಡಿಕಾನ್ಫಿಗ್ ಓಡಿಸಿ, ಡಿಪಿಕೆಜಿಯಿಂದ ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನು ಕಾನ್ಫಿಗರ್ ಮಾಡಿಸಿ, ಎಪಿಟಿಯ ಫಿಕ್ಸ್ ಬ್ರೋಕನ್ ಕೊಡಿ.

ಫಾರ್ಮ್ಯಾಟ್ ಮಾಡುವ ಅವಸರ ಬೇಡ. ಲೈಬ್ರರಿ ಮುರಿದರೂ ಹೋಮ್ ಫೋಲ್ಡರ್‌ನ ನಿಮ್ಮ ಫೋಟೊ, ಪ್ರಾಜೆಕ್ಟ್ ಇದ್ದಲ್ಲೇ ಇರುತ್ತವೆ.